ಹದಿನಾರು ಗೋಲು ಹೊಡೆಸಿಕೊಂಡವರಿಗೆ ಮೊದಲ ಥ್ಯಾಂಕ್ಸ್

ಕಳೆದ ಭಾನುವಾರ ನಮ್ಮ ದಾವಣಗೆರೆ ಹುಡುಗಿಯರು ಫುಟ್‌ಬಾಲ್‌ನಲ್ಲಿ ಶಿವಮೊಗ್ಗದ ತಂಡದ ಜೊತೆ 1-1 ಡ್ರಾ ಮಾಡಿಕೊಂಡರು. ಡ್ರಾ ಆಗಿದ್ದಕ್ಕೆಲ್ಲ ಯಾರಾದ್ರೂ ಥ್ಯಾಂಕ್ಸ್ ಬರೀತಾರಾ ಅಂತ ನಮ್ಮ ಯಜಮಾನರು ನಗುತ್ತಿದ್ದಾರೆ. ನಗಲಿ ಬಿಡಿ. ಮೂರು ವರ್ಷದಲ್ಲಿ ನಾವು ಸೋಲದೆ ಮನೆಗೆ ಬಂದ ಮೊದಲ ಪಂದ್ಯ ಇದು. ನಮ್ಮ ಗೋಲು ನೋಡೋಕೆ ಚೆಂದವೇನೂ ಇರಲಿಲ್ಲ. ಕಾರ್ನರ್‌ನಿಂದ ಬಂದ ಚೆಂಡು ಒಬ್ಬಳ ಮೊಣಕಾಲಿಗೆ ಬಡಿದು, ಎದುರು ತಂಡದ ಕೀಪರ್ ಕೈಯಿಂದ ಜಾರಿ ಒಳಗೆ ಹೋಯಿತು. ಉಳಿದವರು ಬಂದು ತಬ್ಬಿಕೊಂಡಾಗ ಅವಳು "ಏನಾಯ್ತು ಮಿಸ್?" ಅಂತ ನನ್ನ ಕಡೆ ನೋಡಿದಳು.

ಥ್ಯಾಂಕ್ಸ್ ಹೇಳಬೇಕಾದವರು ಊರ ತುಂಬಾ ಇದ್ದಾರೆ. ಆದರೆ ಮೊದಲನೆಯದು, ನಾನು ಒಮ್ಮೆಯೂ ಮಾತಾಡಿಸದ ಹುಡುಗಿಯರಿಗೆ. 2022ರ 17 ವರ್ಷದೊಳಗಿನವರ ಮಹಿಳಾ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಭಾರತಕ್ಕೆ ಆಡಿದವರಿಗೆ.

ಆ ವಿಶ್ವಕಪ್ ನಮ್ಮ ದೇಶದಲ್ಲೇ ನಡೆಯಿತು. 2020ರಲ್ಲೇ ಆಗಬೇಕಿತ್ತು, ಕೊರೊನಾ ನುಂಗಿತು. 2022ರ ಆಗಸ್ಟ್‌ನಲ್ಲಿ ಫಿಫಾ ನಮ್ಮ ಫುಟ್‌ಬಾಲ್ ಫೆಡರೇಷನ್ ಅನ್ನೇ ಅಮಾನತು ಮಾಡಿತು. ಅಮಾನತನ್ನು ಅದೇ ತಿಂಗಳು ವಾಪಸ್ ತೆಗೆದರು, ಹಾಗಾಗಿ ಕಪ್ ಉಳಿಯಿತು. ಆತಿಥೇಯರಾದ ನಮಗೆ ಜಾಗ ಸಿಕ್ಕಿತು. ಆದರೆ ಗುಂಪಿನಲ್ಲಿ ಜೊತೆಗಿದ್ದವರು ಅಮೆರಿಕ, ಮೊರಾಕೊ, ಬ್ರೆಜಿಲ್!

ನಾನು ಪಿ.ಟಿ. ಟೀಚರ್. ಆಡಿದ್ದು ಖೋ-ಖೋ. ಆಫ್‌ಸೈಡ್ ಅಂದರೇನು ಅಂತ ಆಗ ನನಗೂ ಸರಿಯಾಗಿ ಗೊತ್ತಿರಲಿಲ್ಲ. ಬೆಳಗ್ಗೆ ಆರು ಹುಡುಗಿಯರು ಸುಮ್ನೆ ಚೆಂಡು ಒದೆಯೋಕೆ ಬರುತ್ತಿದ್ದರು, ಅಷ್ಟೇ. ಅಕ್ಟೋಬರ್ 11ರ ರಾತ್ರಿ ಅವರನ್ನು ಮನೆಗೆ ಕರೆದು ಟಿವಿ ಮುಂದೆ ಕೂರಿಸಿದೆ. ಭುವನೇಶ್ವರದಲ್ಲಿ ಅಮೆರಿಕ ಎಂಟು ಗೋಲು ಹೊಡೆಯಿತು. ನಮ್ಮದು ಸೊನ್ನೆ. ನಾಳೆಯಿಂದ ಒಬ್ಬರೂ ಮೈದಾನಕ್ಕೆ ಬರಲ್ಲ, ಯಾಕಾದ್ರೂ ತೋರಿಸಿದೆನೋ ಅಂದುಕೊಂಡು ಮಲಗಿದೆ. ಬೆಳಗ್ಗೆ ನೋಡಿದರೆ ಏಳು ಜನ. ಏಳನೆಯವಳು ಒಬ್ಬಳ ತಂಗಿ. "ಎಂಟು ಹೊಡೆಸಿಕೊಂಡ್ಮೇಲೂ ಓಡ್ತಾನೇ ಇದ್ರಂತಲ್ಲ ಮಿಸ್" ಅಂದಳು.

ಆಮೇಲೆ ಮೊರಾಕೊ ಮೂರು, ಬ್ರೆಜಿಲ್ ಐದು. ಒಟ್ಟು ಹದಿನಾರು, ಒಂದನ್ನೂ ತಿರುಗಿ ಹೊಡೆಯಲಿಲ್ಲ. ಕ್ರೀಡೆಗೆ ಸಂಬಂಧಪಟ್ಟ ದೊಡ್ಡವರೊಬ್ಬರು "ಟೀಚರ್ರೇ, ಹುಡುಗಿಯರಿಗೆ ಥ್ರೋಬಾಲ್ ಆಡಿಸಿ, ಮರ್ಯಾದೆ ಉಳಿಯುತ್ತೆ" ಅಂತ ನನಗೆ ಬುದ್ಧಿ ಹೇಳಿದರು. ಆ ವಾರವೇ ಇನ್ನೊಂದು ಸುದ್ದಿ ಬಂತು. ತಂಡದ ನಾಯಕಿ ಅಸ್ತಮ್ ಓರಾನ್ ಜಾರ್ಖಂಡ್‌ನ ಗುಮ್ಲಾ ಜಿಲ್ಲೆಯ ಹಳ್ಳಿಯವಳು. ಅವಳ ಹೆಸರಲ್ಲಿ ಊರಿಗೆ ರಸ್ತೆ ಮಾಡುತ್ತಿದ್ದರು. ಅದೇ ರಸ್ತೆ ಕೆಲಸಕ್ಕೆ ಅವಳ ಅಪ್ಪ-ಅಮ್ಮ ದಿನಕ್ಕೆ 250 ರೂಪಾಯಿ ಕೂಲಿಗೆ ಹೋಗುತ್ತಿದ್ದರು. ಇದನ್ನು ನಮ್ಮ ಕೀಪರ್ ಎರಡು ಸಲ ಓದಿದಳು. ಅವಳ ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಏನೂ ಮಾತಾಡಲಿಲ್ಲ. ಮಾರನೇ ದಿನ ಭಟ್ಟಿಯಿಂದ ನಾಲ್ಕು ಹಳೇ ಚೀಲ ತಂದಳು. ಮರಳು ತುಂಬಿ ಆ ಕಡೆ ಎರಡು, ಈ ಕಡೆ ಎರಡು ಇಟ್ಟೆವು. ಇವತ್ತಿಗೂ ಅಭ್ಯಾಸದಲ್ಲಿ ಅವೇ ನಮ್ಮ ಗೋಲ್ ಪೋಸ್ಟ್.

ಸೆಮಿಫೈನಲ್ ಎರಡೂ ಗೋವಾದ ಫತೋರ್ಡಾದಲ್ಲಿ, ಅಕ್ಟೋಬರ್ 26ಕ್ಕೆ. ಭಾರತ ಇಲ್ಲದಿದ್ದರೇನು, ಹೋಗೋಣ ಅಂದೆ. ಆದರೆ ಅವತ್ತು ಬಲಿಪಾಡ್ಯಮಿ, ನಮ್ಮ ಕಡೆ ಹಿರಿಯರಿಗೆ ಎಡೆ ಇಡೋ ದಿನ. ಹಿಂದಿನ ಸಂಜೆ ಬೇರೆ ಸೂರ್ಯಗ್ರಹಣ! ಗ್ರಹಣದ ರಾತ್ರಿ ಹೆಣ್ಣುಮಕ್ಕಳನ್ನು ಕಳಿಸಿ ಅಂತ ಏಳು ಮನೆ ಬಾಗಿಲಿಗೆ ಹೋಗಿ ಕೇಳೋದು ಹೇಗಿತ್ತು ಅಂತ ನನಗೇ ಗೊತ್ತು. ಆರು ಮನೆಯಲ್ಲಿ ಒಪ್ಪಿದರು. ಏಳನೇ ಮನೆಯಲ್ಲಿ ಅಪ್ಪ ಒಪ್ಪಲಿಲ್ಲ, ಅಜ್ಜಿ ಒಪ್ಪಿದರು. "ಹೋಗಿ ಬಾರವ್ವ, ನಿನ್ನ ಪಾಲಿನ ಹೋಳಿಗೆ ಎತ್ತಿಟ್ಟಿರ್ತೀನಿ" ಅಂದರು. ಅಜ್ಜಿ, ನೀವು ಎತ್ತಿಟ್ಟಿದ್ದ ಹೋಳಿಗೆಯಲ್ಲಿ ಅರ್ಧ ತಿಂದಿದ್ದು ನಾನು. ಅದಕ್ಕೂ ಸೇರಿಸಿ ಥ್ಯಾಂಕ್ಸ್.

ಟೆಂಪೊ ಡ್ರೈವರ್ ಅಣ್ಣ ಡೀಸೆಲ್ ದುಡ್ಡು ಬಿಟ್ಟು ಒಂದು ರೂಪಾಯಿ ಜಾಸ್ತಿ ತಗೊಳ್ಳಲಿಲ್ಲ. ಅರಬೈಲ್ ಘಟ್ಟದಲ್ಲಿ ಮೂರು ಸಲ ಗಾಡಿ ನಿಲ್ಲಿಸಬೇಕಾಯಿತು. ಯಾಕೆ ಅಂತ ಬಿಡಿಸಿ ಹೇಳಲ್ಲ. ಸೀಟು ತೊಳೆದಿದ್ದೂ ಅವರೇ.

ಕೊಲಂಬಿಯಾ-ನೈಜೀರಿಯಾ ಪಂದ್ಯ 0-0 ಆಗಿ ಪೆನಾಲ್ಟಿಗೆ ಹೋಯಿತು. ಕೊಲಂಬಿಯಾ 6-5ರಲ್ಲಿ ಗೆದ್ದಿತು. ಅವರ ಲಿಂಡಾ ಕೈಸೆಡೊಗೆ ಹದಿನೈದನೇ ವಯಸ್ಸಿಗೇ ಕ್ಯಾನ್ಸರ್ ಆಗಿತ್ತು, ವಾಸಿಯಾಗಿ ಬಂದು ಆಡುತ್ತಿದ್ದಳು. ಇದನ್ನು ನಮ್ಮವರಿಗೆ ಹೇಳಿದಾಗ ಒಬ್ಬಳೂ ನಂಬಲಿಲ್ಲ. ನಮ್ಮ ಕೀಪರ್ ಮಾತ್ರ ಅವಳನ್ನೂ ನೋಡಲಿಲ್ಲ, ಗೋಲನ್ನೂ ನೋಡಲಿಲ್ಲ. ಪೆನಾಲ್ಟಿ ಹೊಡೆಯುವ ಮುಂಚೆ ಕೀಪರ್‌ಗಳು ಕಾಲು ಹೇಗೆ ಇಡುತ್ತಾರೆ ಅಂತ ಅದನ್ನೇ ನೋಡುತ್ತಿದ್ದಳು. ವಾಪಸ್ ಬರುವಾಗ ಚಹಾಕ್ಕೆ ನಿಲ್ಲಿಸಿದಲ್ಲಿ, ರಾತ್ರಿ ಎರಡು ಗಂಟೆಗೆ, ಟೆಂಪೊ ಲೈಟಿನ ಬೆಳಕಲ್ಲಿ ನಿಂತು ಹಿಮ್ಮಡಿ ಎತ್ತಿ ತೋರಿಸಿದಳು: "ಹಿಂಗೆ ಮಿಸ್. ಪೂರ್ತಿ ಪಾದ ಊರಲ್ಲ."

2025ರ ಅಕ್ಟೋಬರ್ 17ಕ್ಕೆ ಕಿರ್ಗಿಸ್ತಾನದ ಬಿಷ್ಕೆಕ್‌ನಲ್ಲಿ ಭಾರತದ 17 ವರ್ಷದೊಳಗಿನ ಹುಡುಗಿಯರ ತಂಡ ಉಜ್ಬೇಕಿಸ್ತಾನವನ್ನು 2-1ರಲ್ಲಿ ಸೋಲಿಸಿತು. ಮೊದಲು ಗೋಲು ಬಿಟ್ಟುಕೊಟ್ಟು, ಆಮೇಲೆ ತಂಡಮಣಿ ಬಾಸ್ಕಿ ಒಂದು, ಅನುಷ್ಕಾ ಕುಮಾರಿ ಒಂದು. ಡ್ರಾ ಆಗಿದ್ದರೂ ಸಾಲುತ್ತಿರಲಿಲ್ಲ, ಗೆಲ್ಲಲೇಬೇಕಿತ್ತು. ಆ ಗೆಲುವಿನಿಂದ ಇಪ್ಪತ್ತು ವರ್ಷದ ಮೇಲೆ ಮತ್ತೆ ಏಷ್ಯನ್ ಕಪ್‌ಗೆ, 2026ರ ಚೀನಾದ ಕಪ್‌ಗೆ, ಜಾಗ ಸಿಕ್ಕಿತು. ಪೇಪರ್‌ನಲ್ಲಿ ಎಲ್ಲರೂ ಈ ತಂಡವನ್ನು ಹೊಗಳಿದರು, ಹೊಗಳಲೇಬೇಕು. ಆದರೆ ನನಗೆ ನೆನಪಾಗಿದ್ದು ಆ ಹದಿನಾರು ಗೋಲಿನವರು. ಅವರು ಅವತ್ತು ಎಂಟನೇ ಗೋಲಿನ ನಂತರ ಸುಮ್ನೆ ನಿಂತುಬಿಟ್ಟಿದ್ದರೆ ನನ್ನ ಆ ಏಳನೇ ಹುಡುಗಿ ಬರುತ್ತಲೇ ಇರಲಿಲ್ಲ. ಭಾನುವಾರ ಮೊಣಕಾಲಲ್ಲಿ ಗೋಲು ಹೊಡೆದವಳು ಅವಳೇ.

ಇನ್ನು ಉಳಿದವರು. ಹದಿನಾಲ್ಕು ಜರ್ಸಿ ಹೊಲಿದುಕೊಟ್ಟು ಹತ್ತಕ್ಕೆ ಮಾತ್ರ ದುಡ್ಡು ತಗೊಂಡ ಟೈಲರ್ ಅಕ್ಕ. ಬಾಯಿ ಬಿಟ್ಟ ಶೂಗಳನ್ನು ಎಷ್ಟನೇ ಸಲ ಅಂತ ಕೇಳದೆ ಹೊಲಿದ ಅಣ್ಣ. ಮಂಡಕ್ಕಿ ಚೀಲ ಕೊಟ್ಟ, ಗೋವಾಕ್ಕೆ ಹೊರಟಾಗ ಚೀಲದ ತುಂಬಾ ಮಂಡಕ್ಕಿಯನ್ನೂ ಕೊಟ್ಟ ಕೀಪರ್ ಅಪ್ಪ. ಥ್ರೋಬಾಲ್ ಆಡಿಸಿ ಅಂದವರಿಗೂ ಒಂದು ಥ್ಯಾಂಕ್ಸ್ ಇರಲಿ, ಸ್ವಲ್ಪ ಚಿಕ್ಕದು.

ಮೈದಾನದ ಹಿಂದಿನ ಮನೆಯ ಅಂಕಲ್, ನಿಮ್ಮನ್ನು ಮರೆತಿಲ್ಲ. ಮೂರು ವರ್ಷದಿಂದ ನಿಮ್ಮ ತಾರಸಿಗೆ ಬಿದ್ದ ಚೆಂಡನ್ನೆಲ್ಲ ಬೈಕೊಂಡೇ ಆದರೂ ಕೆಳಗೆ ಎಸೆದಿದ್ದೀರಿ. ಇವತ್ತು ಬೆಳಗ್ಗೆ ಇನ್ನೊಂದು ಬಿದ್ದಿದೆ, ನೀರಿನ ಟ್ಯಾಂಕ್ ಪಕ್ಕ ಇರಬಹುದು. ನೀವು ಊರಲ್ಲಿಲ್ಲ ಅಂತ ಗೊತ್ತಾಯಿತು. ಬಂದ ಮೇಲೆ ಸ್ವಲ್ಪ ನೋಡಿ, ನಮ್ಮ ಹತ್ತಿರ ಇರೋದು ಎರಡೇ ಚೆಂಡು.