ಭಂಡಾರದರಾಕ್ಕೆ ಹೊರಟಿರುವ ಪುಟ್ಟಿಗೆ

ಡೊಂಬಿವಲಿ,
ಮೇ ತಿಂಗಳ ಮೊದಲ ವಾರ

ಚಿ. ಪುಟ್ಟಿಗೆ ನಿನ್ನ ಮಾಮಾ ಮಾಡುವ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಕ್ಷೇಮ. ಅಕ್ಕ ನಿನ್ನೆ ಧಾರವಾಡದಿಂದ ಫೋನ್ ಮಾಡಿದ್ದಳು. ನೀನು ಪುಣೆಯ ಆಫೀಸಿನ ಗೆಳತಿಯರ ಜೊತೆ ಸಹ್ಯಾದ್ರಿ ಬೆಟ್ಟಗಳ ಭಂಡಾರದರಾಕ್ಕೆ ಹೋಗಿ ಕಾಡಿನಲ್ಲಿ ಟೆಂಟ್ ಹಾಕಿ ಮಲಗುತ್ತೀಯಂತೆ, ಮಿಂಚುಹುಳ ನೋಡುತ್ತೀಯಂತೆ. "ನೀನಾದರೂ ಬೇಡ ಅಂತ ಹೇಳು, ನಿನ್ನ ಮಾತು ಕೇಳ್ತಾಳೆ" ಅಂದಳು. ನಾನು ಬೇಡ ಅನ್ನೋದಿಲ್ಲ. ಈ ವಯಸ್ಸಿನಲ್ಲಿ ಹೋಗದೆ ಇನ್ಯಾವಾಗ ಹೋಗುತ್ತೀ? ಆದರೆ ಆ ಕಡೆಯ ಬೆಟ್ಟಗಳಲ್ಲಿ ಅಲೆದವನು ನಾನು. ನಮ್ಮ ಸ್ಟೇಷನ್ನಿನಲ್ಲಿ ಕಸಾರಾ ಲೋಕಲ್ ಹಿಡಿದು, ಮುಂದೆ ಜೀಪು, ಎಸ್‌ಟಿ ಬಸ್ಸು ಸಿಕ್ಕಿದ್ದು ಹತ್ತಿ ಹೋಗುತ್ತಿದ್ದೆವು. ಹಾಗಾಗಿ ನಾಲ್ಕು ಮಾತು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ನೀನು "ಹ್ಞೂಂ ಮಾಮಾ, ಹ್ಞೂಂ ಮಾಮಾ" ಅಂದು ಮರೆತುಬಿಡುತ್ತೀ.

ಪವನಾ ಅಣೆಕಟ್ಟಿನ ಹಿನ್ನೀರಿನ ದಂಡೆಯಲ್ಲಿ ಒಂದು ಸಲ ಕ್ಯಾಂಪಿಂಗ್ ಮಾಡಿದ್ದೇನೆ, ನನಗೆಲ್ಲ ಗೊತ್ತು ಅಂತ ಅಕ್ಕನಿಗೆ ಹೇಳಿದೆಯಂತೆ. ಪವನಾದಲ್ಲಿ ನೀನು ಹೋಗುವ ಮೊದಲೇ ಟೆಂಟ್ ಎದ್ದು ನಿಂತಿರುತ್ತೆ, ಒಳಗೆ ಗಾದಿ ಹಾಸಿರುತ್ತೆ, ಹೊರಗೆ ಸ್ಪೀಕರ್ ಹಚ್ಚಿರುತ್ತಾರೆ. ಎಲ್ಲಿ ಮಲಗಬೇಕು ಅನ್ನೋದನ್ನು ಬೇರೆ ಯಾರೋ ತೀರ್ಮಾನ ಮಾಡಿರುತ್ತಾರೆ. ಈ ಸಲ ಆ ತೀರ್ಮಾನ ನಿನ್ನದು. ನನ್ನ ಲೆಕ್ಕದಲ್ಲಿ ಕ್ಯಾಂಪಿಂಗ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಕೆಲಸ ಅದೇ. ಟೆಂಟಿನ ಕಂಪನಿ ಯಾವುದು, ಬೂಟು ಯಾವುದು ಅಂತ ನೀವು ಗಂಟೆಗಟ್ಟಲೆ ಮಾತಾಡುತ್ತೀರಿ. ಜಾಗದ ಬಗ್ಗೆ ಯಾರೂ ಮಾತಾಡೋದಿಲ್ಲ.

ಎಲ್ಲರಿಗೂ ಟೆಂಟ್ ನೀರಿನ ಅಂಚಿಗೇ ಬೇಕು. ಬೆಳಗ್ಗೆ ಎದ್ದು ಜಿಪ್ ಎಳೆದರೆ ಎದುರಿಗೆ ನೀರು, ನೀರಿನಾಚೆ ರತನಗಡ ಕೋಟೆಯ ಬೆಟ್ಟ. ಫೋಟೋ ಚೆನ್ನಾಗಿ ಬರುತ್ತೆ, ಒಪ್ಪುತ್ತೇನೆ. ಆದರೂ ಅಲ್ಲಿ ಬೇಡ.

ಆರ್ಥರ್ ಲೇಕ್ ಅಂತ ಎಲ್ಲರೂ ಕರೆಯುವ ಆ ನೀರು ಪ್ರವರಾ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು. ಅಣೆಕಟ್ಟು 1926ರಲ್ಲಿ ಮುಗಿಯಿತು. ಆಗ ಮುಂಬೈ ಪ್ರಾಂತ್ಯಕ್ಕೆ ಗವರ್ನರ್ ಆಗಿದ್ದ ಲೆಸ್ಲಿ ವಿಲ್ಸನ್ ಹೆಸರನ್ನೇ ಅದಕ್ಕೆ ಇಟ್ಟರು. ಕಲ್ಲಿನ ಕಟ್ಟಡ, ಎತ್ತರ ಸುಮಾರು 82 ಮೀಟರ್. ಹತ್ತಿರ ನಿಂತು ತಲೆ ಎತ್ತಿ ನೋಡು, ಆ ಕಾಲದವರ ಕೆಲಸ ಅಂದರೆ ಏನು ಅಂತ ಗೊತ್ತಾಗುತ್ತೆ. ತುಂಬಿದರೆ 11 ಟಿಎಂಸಿ ನೀರು. ಆ ನೀರು ರಂಧಾ ಜಲಪಾತ ಇಳಿದು, ನಿಳವಂಡೆ ಅಣೆಕಟ್ಟು ದಾಟಿ ಸಂಗಮನೇರ್, ರಾಹುರಿ, ಶ್ರೀರಾಮಪುರದ ಕಡೆಗೆ ಹೋಗುತ್ತೆ. ಅಲ್ಲೆಲ್ಲ ಕಬ್ಬು. ಮಹಾರಾಷ್ಟ್ರದಲ್ಲಿ ಸಹಕಾರಿ ಸಕ್ಕರೆ ಕಾರ್ಖಾನೆಗಳ ಕಥೆ ಶುರುವಾದದ್ದೇ ಈ ಪ್ರವರಾ ಸೀಮೆಯ ಲೋಣಿಯಲ್ಲಿ. ನೀನು ಚಹಾಕ್ಕೆ ಹಾಕಿಕೊಳ್ಳುವ ಸಕ್ಕರೆಯಲ್ಲಿ ಈ ನೀರೂ ಇರಬಹುದು ಅಂತ ನಾನು ಸುಮ್ನೆ ಅಂದುಕೊಳ್ಳುತ್ತೇನೆ.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಅಲ್ಲಿನ ನೀರಿನ ಮಟ್ಟ ರೈತರಿಗೆ ಬಿಡುವ ನೀರಿನ ಲೆಕ್ಕದ ಮೇಲೆ ಏರಿಳಿಯುತ್ತೆ. ಮೇ ಕೊನೆಗೆ ಬಹಳ ಕೆಳಗೆ ಇಳಿದಿರುತ್ತೆ. ಆಗ ದಂಡೆಯಲ್ಲಿ ಅಗಲವಾದ ಬಯಲು ತೆರೆದುಕೊಳ್ಳುತ್ತೆ. ಸಪಾಟಾಗಿ, ಒಣಗಿ, ಬಿರುಕು ಬಿಟ್ಟು, ಟೆಂಟ್ ಹಾಕಲು ಹೇಳಿ ಮಾಡಿಸಿದ ಹಾಗೆ ಕಾಣುತ್ತೆ. ಅದು ತಿಂಗಳುಗಟ್ಟಲೆ ನೀರಿನಡಿ ಇದ್ದ ಹೂಳು. ಮೇಲೆ ಗಟ್ಟಿ, ಒಳಗೆ ರಾಡಿ. ನೀರಿನ ಹತ್ತಿರ ಹೋದಷ್ಟೂ ಕಾಲು ಹುಗಿಯುತ್ತೆ. ಒಂದು ಮಳೆ ಬಿದ್ದರೆ ಸಾಕು, ಟೆಂಟಿನ ಗೂಟ ಒಂದೂ ನಿಲ್ಲೋದಿಲ್ಲ.

ಈಜುವ ವಿಚಾರ ಬಿಟ್ಟೇಬಿಡು. ನಮ್ಮ ಧಾರವಾಡದ ಕೆಲಗೇರಿ ಕೆರೆಯ ಹಾಗೆ ಇಲ್ಲಿ ತಳ ನಿಧಾನಕ್ಕೆ ಇಳಿಯೋದಿಲ್ಲ. ಇದು ಮುಳುಗಿದ ಬೆಟ್ಟದ ಕಣಿವೆ. ಮೊಣಕಾಲು ನೀರಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ತಳ ಇಲ್ಲದ ಜಾಗ ಇರಬಹುದು. ನೀನು ಈಜು ಕಲಿತದ್ದು ಸೊಸೈಟಿಯ ಈಜುಕೊಳದಲ್ಲಿ. ಅಲ್ಲಿ ತಳ ಕಾಣುತ್ತೆ, ಕೈಗೆ ಗೋಡೆ ಸಿಗುತ್ತೆ. ದೋಣಿಯಲ್ಲಿ ಹೋಗುತ್ತೀರಾದರೆ ಲೈಫ್ ಜಾಕೆಟ್ ಹಾಕಿಕೊಂಡು ಬಕಲ್ ಬಿಗಿದ ಮೇಲೆಯೇ ಹತ್ತಬೇಕು. ಜಾಕೆಟ್ ಇಲ್ಲ ಅಂದರೆ ದೋಣಿಯೂ ಬೇಡ.

ಇನ್ನೊಂದು ಕಾರಣ ಇದೆ. ಮೇ ತಿಂಗಳಲ್ಲಿ ಬೆಟ್ಟದ ಹಳ್ಳಗಳು ಬತ್ತಿರುತ್ತವೆ. ರಾತ್ರಿ ಹೊತ್ತು ಕಾಡಿನ ಜೀವಗಳು ನೀರು ಕುಡಿಯಲು ಈ ದಂಡೆಗೇ ಬರಬೇಕು. ಆ ಕಡೆ ಚಿರತೆಯೂ ಇದೆ. ಹೆದರಿಸಲು ಹೇಳುತ್ತಿಲ್ಲ, ಅದು ನಿನ್ನನ್ನು ಹುಡುಕಿಕೊಂಡು ಬರೋದಿಲ್ಲ. ಅದರ ದಾರಿಗೆ ಅಡ್ಡ ಮಲಗಬೇಡ ಅಂತ ಅಷ್ಟೇ. ನೀರಿನಿಂದ ಕಡಿಮೆ ಅಂದರೂ 60 ಮೀಟರ್ ದೂರ, ಸ್ವಲ್ಪ ಎತ್ತರದಲ್ಲಿ ಜಾಗ ನೋಡು.

ಹಾಗಂತ ಒಣಗಿದ ಹಳ್ಳದ ಮರಳಿಗೆ ಹೋಗಿಬಿಡಬೇಡ. ಮರಳು ಮೆತ್ತಗಿರುತ್ತೆ, ಗಾಳಿಗೂ ಮರೆ ಸಿಗುತ್ತೆ, ಎಲ್ಲರಿಗೂ ಅಲ್ಲೇ ಮನಸ್ಸು ಹೋಗುತ್ತೆ. ಮೇ ಕೊನೆಗೆ ಅಡ್ಡಮಳೆಯ ಕಾಲ. ನಿನ್ನ ತಲೆ ಮೇಲೆ ನಕ್ಷತ್ರ ಇರುವಾಗಲೇ ರತನಗಡದ ಹಿಂದೆ ಮಳೆ ಸುರಿಯುತ್ತಿರಬಹುದು. ಆ ನೀರು ಹಳ್ಳ ಹಿಡಿದು ಬರುವಾಗ ಯಾರಿಗೂ ಹೇಳಿ ಬರೋದಿಲ್ಲ. ಸಾಮ್ರದ ಹತ್ತಿರದ ಸಾಂಧಣ ಕಣಿವೆಗೂ ಇದೇ ಮಾತು. ಎರಡೂ ಕಡೆ ಗೋಡೆಯಂಥ ಬಂಡೆ, ನಡುವೆ ಇಕ್ಕಟ್ಟಾದ ಸಂದಿ. ನೋಡುವಂಥ ಜಾಗವೇ. ಆದರೆ ಆಕಾಶದಲ್ಲಿ ಮೋಡ ಕಟ್ಟಿದ ದಿನ ಒಳಗೆ ಇಳಿಯಬೇಡ. ನೀರು ಬಂದರೆ ಪಕ್ಕಕ್ಕೆ ಸರಿಯಲು ಅಲ್ಲಿ ಪಕ್ಕವೇ ಇಲ್ಲ.

ಮಳೆಗಿಂತ ನನಗೆ ಸಿಡಿಲಿನ ಭಯ ಜಾಸ್ತಿ. ಟೆಂಟ್ ಸಿಡಿಲಿನಿಂದ ಕಾಪಾಡೋದಿಲ್ಲ, ಒಂಟಿ ಮರ ಇನ್ನೂ ಕೆಟ್ಟದ್ದು. ಮಿಂಚಿದ ಮೇಲೆ ಗುಡುಗು ಕೇಳುವ ತನಕ ಎಣಿಸು. ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. 30 ಎಣಿಸುವುದರೊಳಗೆ ಗುಡುಗಿದರೆ ಎಲ್ಲರೂ ಎದ್ದು ಕಾರಿನೊಳಗೆ ಹೋಗಿ ಗಾಜು ಏರಿಸಿ ಕುಳಿತುಕೊಳ್ಳಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಇಳಿಯಬೇಡಿ. ನಿದ್ದೆ ಹಾಳಾಗುತ್ತೆ ಅಂತ ಯಾರಾದರೂ ಗೊಣಗಿದರೆ ಗೊಣಗಲಿ. ಕಳಸೂಬಾಯಿ ಹತ್ತುವ ಯೋಚನೆಯೂ ಇದೆ ಅಂತ ಅಕ್ಕ ಅಂದಳು. 1646 ಮೀಟರ್, ಮಹಾರಾಷ್ಟ್ರದ ಅತಿ ಎತ್ತರದ ಶಿಖರ. ದಾರಿಯಲ್ಲಿ ಕಬ್ಬಿಣದ ಏಣಿಗಳಿವೆ. ಗುಡುಗುವ ತಿಂಗಳಲ್ಲಿ ಬೋಳು ಶಿಖರ, ಕಬ್ಬಿಣದ ಏಣಿ ಎರಡೂ ಬೇಡ. ಡಿಸೆಂಬರ್‌ನಲ್ಲಿ ಹೋಗು.

ಹಾಗಾದರೆ ಎಲ್ಲಿ ಮಲಗಬೇಕು ಅಂತ ಕೇಳುತ್ತೀ. ನನ್ನ ಕೇಳಿದರೆ ಹಳ್ಳಿಯವರ ಮನೆಯ ಅಂಗಳದಲ್ಲಿ, ಇಲ್ಲವೇ ಅವರು ತೋರಿಸಿದ ಹೊಲದಲ್ಲಿ. ಶೇಂಡಿ, ಮುರ್ಶೇತ್, ರತನವಾಡಿ, ಸಾಮ್ರದ, ಎಲ್ಲ ಕಡೆ ಜಾಗ ಕೊಡುವವರು ಇದ್ದಾರೆ. ಬಹಳ ಮಂದಿ ಮಹಾದೇವ ಕೋಳಿ ಅನ್ನುವ ಆದಿವಾಸಿ ಸಮಾಜದವರು, ತಲೆಮಾರುಗಳಿಂದ ಅಲ್ಲೇ ಇರುವವರು. ಯಾವ ಹಳ್ಳ ತುಂಬುತ್ತೆ, ಯಾವ ಮರದ ಕೊಂಬೆ ಟೊಳ್ಳು ಅಂತ ಅವರಿಗೆ ಗೊತ್ತು. ಅಂಗಳದಲ್ಲಿ ಮಲಗಿದರೆ ಶೌಚಾಲಯದ ಚಿಂತೆಯೂ ಇರೋದಿಲ್ಲ. ನಿಮ್ಮ ಗುಂಪಿಗೆ ಅದು ದೊಡ್ಡ ಮಾತೇ. ಊಟವನ್ನೂ ಅಲ್ಲೇ ಹೇಳು. ನಾಚಣಿ ಭಾಕರಿ, ಠೇಚಾ, ಪಿಠಲ. ನಾಚಣಿ ಅಂದರೆ ನಮ್ಮ ರಾಗಿ, ಠೇಚಾ ಅಂದರೆ ಮೆಣಸಿನಕಾಯಿ ಚಟ್ನಿ, ಪಿಠಲ ನಮ್ಮ ಜುಣಕದ ತಂಗಿ. ರೊಟ್ಟಿ ತಿಂದು ಬೆಳೆದವಳು ನೀನು, ನಿನಗೆ ಹೊಸದೇನೂ ಅನ್ನಿಸೋದಿಲ್ಲ. ದರ ಮೊದಲೇ ಕೇಳಿಕೋ, ಆಮೇಲೆ ಚೌಕಾಶಿ ಮಾಡಬೇಡ. ದಾರಿಯಲ್ಲಿ ಮಕ್ಕಳು ಕವಳಿ ಹಣ್ಣು, ನೇರಳೆ ಹಣ್ಣು ಮಾರುತ್ತಿದ್ದರೆ ತಗೋ.

ಇನ್ನು ಮಿಂಚುಹುಳ. ಇದಕ್ಕೇ ಅಲ್ವಾ ಇಷ್ಟೆಲ್ಲ?

ಮರಾಠಿಯವರು ಕಾಜವಾ ಅನ್ನುತ್ತಾರೆ. ಮೇ ಕೊನೆಯಿಂದ ಜೂನ್ ನಡುವಿನವರೆಗೆ, ಮುಂಗಾರು ಜೋರಾಗುವ ತನಕ ಅವುಗಳ ಹಂಗಾಮು. ಆ ಬೆಳಕು ಗಂಡು ಹುಳ ಹೆಣ್ಣಿಗೆ ಕಳಿಸುವ ಕರೆ. ಹೆಣ್ಣು ನೋಡಿ ತಿರುಗಿ ಮಿನುಗುತ್ತೆ. ಮರಿಹುಳವಾಗಿ ತಿಂಗಳುಗಟ್ಟಲೆ ಹಸಿ ಮಣ್ಣಿನಲ್ಲಿ ಬಸವನಹುಳು ತಿಂದುಕೊಂಡು ಬದುಕಿ, ರೆಕ್ಕೆ ಬಂದ ಮೇಲೆ ಅವಕ್ಕೆ ಸಿಗುವುದು ಕೆಲವೇ ವಾರ. ಅಷ್ಟರಲ್ಲಿ ಜೋಡಿ ಸಿಗಬೇಕು, ಮೊಟ್ಟೆ ಇಡಬೇಕು. ಅಳಲೆ, ತಾರೆ, ಮತ್ತಿ, ನೇರಳೆ ಮರಗಳಲ್ಲಿ ಸಾವಿರಗಟ್ಟಲೆ ಕೂತು ಒಟ್ಟಿಗೆ ಹತ್ತಿ ಆರುತ್ತವೆ. ಇಡೀ ಮರಕ್ಕೆ ದೀಪಾವಳಿಯ ಸರ ಸುತ್ತಿದ ಹಾಗೆ. ನೋಡಿದವರಿಗೇ ಗೊತ್ತು.

ಅಲ್ಲಿಗೆ ಒಂದು ಕಾರು ಹೆಡ್‌ಲೈಟ್ ಹಾಕಿಕೊಂಡು ಬಂದರೆ ಏನಾಗುತ್ತೆ, ಯೋಚನೆ ಮಾಡು. ಗಂಡಿನ ಬೆಳಕು ಹೆಣ್ಣಿಗೆ ಕಾಣೋದಿಲ್ಲ, ಅಷ್ಟೇ. ಶನಿವಾರ ರಾತ್ರಿ ಮುಂಬೈ, ಪುಣೆ, ನಾಶಿಕದಿಂದ ಸಾಲುಗಟ್ಟಿ ಗಾಡಿ ಬರುತ್ತವೆ. ರಸ್ತೆ ಪಕ್ಕದ ಮರದ ಕೆಳಗೆ ನಿಂತು ಫ್ಲ್ಯಾಶ್ ಹೊಡೆಯುತ್ತಾರೆ, ಹುಳ ಹಿಡಿದು ಬಾಟಲಿಗೆ ಹಾಕುತ್ತಾರೆ. ಎರಡು ವಾರದ ಬದುಕಿನಲ್ಲಿ ಎರಡು ಶನಿವಾರ ಹಾಳಾದರೆ ಉಳಿಯಿತೇನು? ನನಗೆ ಇದರ ಬಗ್ಗೆ ಸಿಟ್ಟಿದೆ, ಬರೆಯುವಾಗಲೇ ಅಕ್ಷರ ದೊಡ್ಡದಾಗುತ್ತಿವೆ ನೋಡು.

ನೀವು ವಾರದ ನಡುವೆ ರಜೆ ಹಾಕಿ ಹೋಗಿ. ಗೋಡೆಯ ಕಾಲನಿರ್ಣಯ ಕ್ಯಾಲೆಂಡರ್ ತೆಗೆದು ಅಮಾವಾಸ್ಯೆಯ ಆಸುಪಾಸಿನ ದಿನ ಹಿಡಿ. ಬೆಳದಿಂಗಳಿದ್ದರೆ ಹುಳದ ಬೆಳಕು ಅರ್ಧವೂ ಕಾಣೋದಿಲ್ಲ. ಗಾಡಿಯನ್ನು ಹಳ್ಳಿಯಲ್ಲೇ ನಿಲ್ಲಿಸಿ ಊರಿನವರೊಬ್ಬರನ್ನು ಕರೆದುಕೊಂಡು ನಡೆದು ಹೋಗಿ. ಟಾರ್ಚಿಗೆ ಕೆಂಪು ಜಿಲೇಟಿನ್ ಕಾಗದ ಎರಡು ಮೂರು ಪದರ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ನೆಲಕ್ಕೆ ಮಾತ್ರ ಹಿಡಿಯಿರಿ. ಮೊಬೈಲು ಜೇಬಿನಲ್ಲಿರಲಿ. ಫೋನಿನಲ್ಲಿ ಹೇಗಿದ್ದರೂ ಕತ್ತಲೆ ಬಿಟ್ಟು ಬೇರೇನೂ ಬರೋದಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷವಾದರೂ ಬೇಕು. ದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ. ಮೊಟ್ಟೆ ಇಡುವುದು, ಮರಿ ಬೆಳೆಯುವುದು ಎಲ್ಲ ಆ ನೆಲದಲ್ಲೇ. ಹಾವೂ ಅಲ್ಲೇ.

ಹಾವಿನ ವಿಚಾರ ಒಂದೇ ಮಾತು. ಕಾಲು ಮುಚ್ಚುವ ಬೂಟು, ರಾತ್ರಿ ಎದ್ದರೆ ಟಾರ್ಚು, ಬೂಟು ಹಾಕುವ ಮೊದಲು ಕೊಡವಿ ನೋಡುವುದು. ಕಚ್ಚಿದರೆ ಕೊಯ್ಯುವುದು, ಹಗ್ಗ ಬಿಗಿಯುವುದು, ಬಾಯಿಂದ ಎಳೆಯುವುದು ಯಾವುದೂ ಬೇಡ. ಕಚ್ಚಿದ ಕಾಲು ಅಲ್ಲಾಡದ ಹಾಗೆ ಇಟ್ಟು, ನಡೆಸದೆ, ತಡ ಮಾಡದೆ ಸರ್ಕಾರಿ ಆಸ್ಪತ್ರೆಗೆ. 108ಕ್ಕೆ ಫೋನ್ ಮಾಡಿ. ಬೆಟ್ಟದ ಸಂದಿಯಲ್ಲಿ ಸಿಗ್ನಲ್ ಇರೋದಿಲ್ಲ, ಆದ್ದರಿಂದ ಎಲ್ಲಿ ಸಿಗುತ್ತೆ ಅಂತ ಹಗಲೇ ಊರವರನ್ನು ಕೇಳಿಟ್ಟುಕೋ.

ಬೆಂಕಿ ಹಾಕಬೇಡಿ. ಆ ಕಾಡು 1986ರಿಂದ ಕಳಸೂಬಾಯಿ ಹರಿಶ್ಚಂದ್ರಗಡ ಅಭಯಾರಣ್ಯ. ಅಭಯಾರಣ್ಯಕ್ಕೆ ಅಪಾಯವಾಗುವ ಹಾಗೆ ಬೆಂಕಿ ಹೊತ್ತಿಸುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಮೇ ತಿಂಗಳ ಹುಲ್ಲಿಗೆ ಒಂದು ಕಿಡಿ ಸಾಕು. ಮಳೆ ಬಂತು, ಚಳಿ ಆಯಿತು ಅಂತ ಬಾರ್ಬೆಕ್ಯೂ ಶೆಗಡಿಯನ್ನು ಟೆಂಟಿನೊಳಗೆ ತರುವವರೂ ಇದ್ದಾರೆ. ಮುಚ್ಚಿದ ಟೆಂಟಿನಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತೆ. ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಏಳೋದಿಲ್ಲ. ಇದರಲ್ಲಿ ಮಾತ್ರ ಯಾರ ಮುಲಾಜೂ ನೋಡಬೇಡ. ಅಲ್ಲಿ 700 ಮೀಟರಿಗೂ ಮೇಲಿನ ಎತ್ತರ, ಮಳೆ ಬಿದ್ದ ರಾತ್ರಿ ತಂಪಾಗುತ್ತೆ ನಿಜ. ಅದಕ್ಕೆ ಒಂದು ಸ್ವೆಟರ್, ಒಂದು ಜೊತೆ ಒಣ ಬಟ್ಟೆ ಸಾಕು. ಚಳಿ ಬರುವುದು ಮೇಲಿನಿಂದಲ್ಲ, ನೆಲದಿಂದ. ಬೆನ್ನ ಕೆಳಗೆ ಒಳ್ಳೆ ಮ್ಯಾಟ್ ಇರಲಿ.

ಪಾತ್ರೆ ತೊಳೆಯುವುದು, ಸಾಬೂನು ಹಚ್ಚುವುದು ನೀರಿನಲ್ಲಿ ಬೇಡ. ಬಕೆಟಿನಲ್ಲಿ ನೀರು ತಂದು ದೂರದಲ್ಲಿ ತೊಳೆಯಿರಿ. ಕೆಳಗಿನವರು ಕುಡಿಯುವ ನೀರು ಅದು. ಕಸ ಪುಣೆಗೇ ವಾಪಸ್ಸು ಬರಲಿ, ಹಳ್ಳಿಯಲ್ಲಿ ಕಸದ ಗಾಡಿ ಬರೋದಿಲ್ಲ.

ಪುಣೆಯಿಂದ ಸಂಗಮನೇರ್, ಅಕೋಲೆ, ರಾಜೂರ್ ಮೇಲೆ ಹೋಗು. ಬೆಳಗ್ಗೆ ಬೇಗ ಹೊರಡು. ಜಾಗವನ್ನು ಹಗಲು ಬೆಳಕಿನಲ್ಲೇ ನೋಡಬೇಕು. ಅರಣ್ಯ ಇಲಾಖೆಯ ನಾಕಾದಲ್ಲಿ ಪ್ರವೇಶ ಶುಲ್ಕ ಕಟ್ಟಿ ರಸೀದಿ ಇಟ್ಟುಕೋ, ರಾತ್ರಿ ಎಷ್ಟು ಹೊತ್ತಿನವರೆಗೆ ಓಡಾಡಲು ಬಿಡುತ್ತಾರೆ ಅಂತ ಅಲ್ಲೇ ಕೇಳು. ಸಮಯ ಉಳಿದರೆ ರತನವಾಡಿಯ ಅಮೃತೇಶ್ವರ ಗುಡಿ ತಪ್ಪಿಸಬೇಡ. ಕಪ್ಪು ಕಲ್ಲಿನ ಹಳೆಯ ಗುಡಿ, ಕೆತ್ತನೆ ನೋಡಿದರೆ ನಮ್ಮ ಕಡೆಯ ಗುಡಿಗಳ ನೆನಪಾಗುತ್ತೆ.

ಟೆಂಟ್ ಹೊಸದು ಅಂದೆಯಲ್ಲ, ಹೊರಡುವ ಮೊದಲು ಒಂದು ದಿನ ನಿಮ್ಮ ಬಿಲ್ಡಿಂಗಿನ ಟೆರೇಸ್ ಮೇಲೆ ನಿಲ್ಲಿಸಿ ಎರಡು ಬಕೆಟ್ ನೀರು ಸುರಿದು ನೋಡು. ಎಲ್ಲಿ ಸೋರುತ್ತೆ ಅಂತ ಅಲ್ಲೇ ಗೊತ್ತಾಗಲಿ. ಟೆಂಟಿನ ಕೆಳಗೆ ಹಾಸುವ ಶೀಟು ಟೆಂಟಿಗಿಂತ ಸ್ವಲ್ಪ ಚಿಕ್ಕದಿರಲಿ, ಹೊರಗೆ ಚಾಚಿಕೊಂಡರೆ ಮಳೆ ನೀರನ್ನೆಲ್ಲ ಅದೇ ಒಳಗೆ ತರುತ್ತೆ. ನನ್ನ ಹತ್ತಿರ ಒಳ್ಳೆ ಮ್ಯಾಟುಗಳಿವೆ. ಮುಂದಿನ ವಾರ ಮಾಮಿ ಪುಣೆಗೆ ಬರುತ್ತಾಳೆ, ಅವಳ ಕೈಯಲ್ಲಿ ಕಳಿಸುತ್ತೇನೆ. ಎಷ್ಟು ಬೇಕು ಅಂತ ಭಾನುವಾರದೊಳಗೆ ತಿಳಿಸು.

ಇಂತಿ,
ನಿನ್ನ ಮಾಮಾ