ರೂಮ್‌ಮೇಟ್ ಕುಡಿತ: ವಾರ್ಡನ್‌ಗೆ ಹೇಳೋದು ಹೇಗೆ?

ಸಂಪಾದಕರೇ,

ನಾನು ದಾವಣಗೆರೆಯಲ್ಲಿ ಡಿಗ್ರಿ ಎರಡನೇ ವರ್ಷ ಓದುತ್ತಿದ್ದೇನೆ. ಹಾಸ್ಟೆಲ್‌ನಲ್ಲಿ ಒಂದು ರೂಮಿಗೆ ಮೂರು ಜನ. ಅದರಲ್ಲೊಬ್ಬ ಈಗ ವಾರಕ್ಕೆ ನಾಲ್ಕು ದಿನ ಕುಡಿದು ಬರುತ್ತಾನೆ. 90 ಎಂಎಲ್‌ನ ಖಾಲಿ ಪಾಕೆಟ್‌ಗಳನ್ನು ಟ್ರಂಕಿನ ಹಿಂದೆ ತುರುಕುತ್ತಾನೆ. ಅವನಿಗಿನ್ನೂ 19. 21 ತುಂಬದವರಿಗೆ ಮದ್ಯ ಮಾರಬಾರದು ಅಂತ 1967ರ ಅಬಕಾರಿ ನಿಯಮವೇ ಇದೆ, ಆದರೂ ಅವನ ವಯಸ್ಸು ಇವತ್ತಿನವರೆಗೆ ಯಾವ ಅಂಗಡಿಯಲ್ಲೂ ಯಾರೂ ಕೇಳಿಲ್ಲ.

ಕಳೆದ ತಿಂಗಳು ಒಂದು ರಾತ್ರಿ ಅಂಗಾತ ಮಲಗಿದ್ದವನು ವಾಂತಿ ಮಾಡಿಕೊಂಡು ಉಸಿರು ಕಟ್ಟಿ ಒದ್ದಾಡಿದ. ನಾವಿಬ್ಬರು ಅವನನ್ನು ಪಕ್ಕಕ್ಕೆ ಹೊರಳಿಸಿ ಬೆಳಗಿನವರೆಗೂ ಕಾದು ಕೂತೆವು, ಯಾಕಂದ್ರೆ ವಾರ್ಡನ್‌ಗೆ ಗೊತ್ತಾದರೆ ಹಾಸ್ಟೆಲ್‌ನಿಂದ ಹೊರಗೆ ಹಾಕುತ್ತಾರೆ, ಊರಿಗೆ ಹೋದರೆ ಅವನ ಓದು ಅಲ್ಲಿಗೇ ಮುಗಿಯಿತು ಅನ್ನುವ ಭಯ. ನಾವು ಮಾಡಿದ್ದು ತಪ್ಪು. ಆಗಲೇ 108ಕ್ಕೆ ಫೋನ್ ಮಾಡಬೇಕಿತ್ತು.

ಅವನು ಕೆಟ್ಟವನಲ್ಲ. ನನಗೆ ಜ್ವರ ಬಂದಾಗ ಮೆಸ್ಸಿನಿಂದ ಗಂಜಿ ತಂದುಕೊಟ್ಟವನು ಅವನೇ. ಅಮಲು ಇಳಿದ ಮೇಲೆ ಕೂರಿಸಿಕೊಂಡು ಮಾತಾಡಿದೆವು, ತುಂಬಾ ಅತ್ತ. ನಾವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಹಚ್ಚಿಕೊಟ್ಟೆವು. ಕನ್ನಡದಲ್ಲೇ ಮಾತಾಡಿದರು, ದುಡ್ಡೂ ಇಲ್ಲ.

ಹಾಸ್ಟೆಲ್ ನಡೆಸುವವರಲ್ಲಿ ಒಂದು ಬೇಡಿಕೆ. ಕುಡಿದರೆ ಹೊರಗೆ ಅನ್ನುವ ಬೋರ್ಡ್ ಪಕ್ಕದಲ್ಲಿ ಈ ನಂಬರನ್ನೂ ಬರೆಸಿ. ತಾನಾಗೇ ಬಂದು ಸಹಾಯ ಕೇಳಿದ ಹುಡುಗನನ್ನು ಮೊದಲ ಸಲಕ್ಕೇ ಓಡಿಸಬೇಡಿ.

– ಒಬ್ಬ ವಿದ್ಯಾರ್ಥಿ, ದಾವಣಗೆರೆ