ಮುಂದಿನ ತಿಂಗಳಿಂದ ಡಬ್ಬ ತನ್ನಿ, ಪ್ಯಾಕೆಟ್ ಇರುವುದಿಲ್ಲ

ಪ್ರಿಯ ಗ್ರಾಹಕರೇ, ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಸಂಘದ ಮೈಸೂರು ಮಳಿಗೆಯಲ್ಲಿ ಅಕ್ಕಿ, ಬೇಳೆ, ರಾಗಿ, ಸಿರಿಧಾನ್ಯ ಯಾವುದನ್ನೂ ಪ್ಲಾಸ್ಟಿಕ್ ಪ್ಯಾಕೆಟ್‌ನಲ್ಲಿ ಮಾರುವುದಿಲ್ಲ. ಡಬ್ಬ, ಚೀಲ ನೀವೇ ತರಬೇಕು. ಬೇಕಾದಷ್ಟೇ ತೂಗಿಸಿಕೊಳ್ಳಿ, ಕಾಲು ಕೆಜಿ ಆದರೂ ಸರಿ.

ಇದು ಶುರುವಾದದ್ದು ಒಬ್ಬ ಅಜ್ಜಿಯಿಂದ. ಯುಗಾದಿ ಹಿಂದಿನ ದಿನ, ಹೆಸರು ಕೊರೆಸಿದ ಸ್ಟೀಲ್ ಡಬ್ಬ ಹಿಡಿದು ಬಂದವರು ಒಂದು ಕೆಜಿ ತೊಗರಿಬೇಳೆ ಪ್ಯಾಕೆಟ್ ತಗೊಂಡು, ದುಡ್ಡು ಕೊಟ್ಟು, "ಇದನ್ನ ಇಲ್ಲೇ ಕತ್ತರಿಸಿ ಡಬ್ಬಕ್ಕೆ ಸುರಿಯಪ್ಪಾ, ಕವರ್ ನೀನೇ ಇಟ್ಕೋ" ಅಂದರು. ಸುರಿದೆವು. ಬೇಳೆಯ ಧೂಳು ಅಂಟಿದ ಆ ಕವರ್ ಸಂಜೆವರೆಗೂ ಕೌಂಟರ್ ಮೇಲೇ ಇತ್ತು. ದಿನಾ ನಿಮ್ಮ ಮನೆಗೆ ನಾವು ಕಳಿಸುತ್ತಿದ್ದದ್ದು ಇದನ್ನೇ ಅಲ್ವಾ?

2016ರ ಮಾರ್ಚ್‌ನಲ್ಲಿ ರಾಜ್ಯದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾಯಿತು. ಆಗಿನಿಂದ ನೀವು ಬಟ್ಟೆ ಚೀಲ ತರುತ್ತೀರಿ, ನಾವು ಅದರೊಳಗೆ ಹತ್ತು ಪ್ಲಾಸ್ಟಿಕ್ ಪ್ಯಾಕೆಟ್ ತುಂಬಿ ಕೊಡುತ್ತೇವೆ. ಅದರಲ್ಲೂ ಮಾಲ್ಟ್ ಪುಡಿಯ ಕವರ್ ಇದೆಯಲ್ಲ, ಒಳಗೆ ಬೆಳ್ಳಿ ಥರ ಮಿಂಚುವುದು, ಅದರಲ್ಲಿ ಪ್ಲಾಸ್ಟಿಕ್ಕೂ ಅಲ್ಯೂಮಿನಿಯಂ ಹಾಳೆಯೂ ಬೆಸೆದುಕೊಂಡಿರುತ್ತವೆ, ಬಿಡಿಸುವುದು ತುಂಬಾ ಕಷ್ಟ, ಗುಜರಿಯವರು ಮುಟ್ಟುವುದೇ ಇಲ್ಲ.

ಬೆಲೆಯೂ ಸ್ವಲ್ಪ ಇಳಿಯುತ್ತದೆ. ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ 2022ರ ಜುಲೈ 18ರಿಂದ ಶೇ 5 ಜಿಎಸ್‌ಟಿ ಬಂತು. ಬಿಡಿಯಾಗಿ ತೂಗಿ ಕೊಟ್ಟರೆ ಅದಿಲ್ಲ. ಕವರ್ ಖರ್ಚೂ ಉಳಿಯುತ್ತದೆ, ಎರಡನ್ನೂ ಬೆಲೆಯಲ್ಲೇ ಕಳೆದಿದ್ದೇವೆ.

ಹುಳದ ಭಯ ಎಲ್ಲರಿಗೂ ಇದೆ. ನಮಗೂ ಇತ್ತು. ಮಳೆಗಾಲದಲ್ಲಿ ಗೋಣಿಚೀಲದಲ್ಲೇ ಇಟ್ಟು ಮಾರಿ ನೋಡಿದಾಗ ಹೆಸರುಕಾಳಿಗೆ ಹುಳ ಬಿದ್ದು, ಇಡೀ ಚೀಲ ವಾಪಸ್ ತೆಗೆಯಬೇಕಾಯಿತು. ತಪ್ಪು ನಮ್ಮದೇ. ಈಗ ಕಾಳನ್ನು ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಮುಚ್ಚಳ ಬಿಗಿಯಾದ ಸ್ಟೀಲ್ ಡ್ರಮ್‌ಗಳಲ್ಲಿ ಒಣ ಬೇವಿನೆಲೆ ಹಾಕಿ ಇಡುತ್ತೇವೆ. ಡ್ರಮ್ ಪೂರ್ತಿ ಖಾಲಿ ಮಾಡಿ ಒರೆಸದೆ ಹೊಸ ಮಾಲು ಸುರಿಯುವುದಿಲ್ಲ. ಯಾವ ಊರಿಂದ ಯಾವತ್ತು ಬಂತು ಅಂತ ಮೇಲೆ ಚೀಟಿ ಇರುತ್ತದೆ. ಸಜ್ಜೆ ಹಿಟ್ಟು ಬೇಗ ಕಮಟು ಹಿಡಿಯುವುದರಿಂದ ವಾರಕ್ಕೊಮ್ಮೆ ಮಾತ್ರ ಬೀಸಿಸುತ್ತೇವೆ, ಜಾಸ್ತಿ ಇಡುವುದಿಲ್ಲ.

ನಿಮ್ಮ ಡಬ್ಬ ಮಾತ್ರ ಒಣಗಿರಲಿ. ಒಂದು ಹನಿ ನೀರಿದ್ದರೂ ಹಿಟ್ಟು ಕೆಡುತ್ತದೆ. ಖಾಲಿ ಡಬ್ಬವನ್ನು ನಿಮ್ಮೆದುರೇ ತೂಗಿ ಆ ತೂಕ ಕಳೆಯುತ್ತೇವೆ. ಮರೆತು ಬಂದರೆ ನಮ್ಮ ಬಟ್ಟೆ ಚೀಲ ಇದೆ, 30 ರೂಪಾಯಿ ಠೇವಣಿ, ಒಗೆದು ತಂದಾಗ ದುಡ್ಡು ವಾಪಸ್. ಪೇಪರ್ ಪೊಟ್ಟಣ ಕೇಳಬೇಡಿ, ಅಚ್ಚಿನ ಶಾಯಿ ತಿನ್ನುವ ಪದಾರ್ಥಕ್ಕೆ ಒಳ್ಳೆಯದಲ್ಲ.

ಅಡುಗೆ ಎಣ್ಣೆ ಮಾತ್ರ ಬಿಡಿಯಾಗಿ ಕೊಡುವುದಿಲ್ಲ. 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆ ತಿಂದು ಜನ ಸತ್ತರು. ಬಿಡಿ ಎಣ್ಣೆಯಲ್ಲಿ ಕಲಬೆರಕೆ ಸುಲಭ, ಕಾನೂನೂ ಸೀಲ್ ಮಾಡಿಯೇ ಮಾರಬೇಕು ಅನ್ನುತ್ತದೆ. ಖಾಲಿ ಎಣ್ಣೆ ಕ್ಯಾನ್ ತಂದುಕೊಡಿ, ಒಟ್ಟು ಮಾಡಿ ಗುಜರಿಗೆ ನಾವೇ ಕಳಿಸುತ್ತೇವೆ.

ಮೊದಲ ಎರಡು ವಾರ ಸಾಲು ಉದ್ದ ಆಗಬಹುದು. ಸಂಜೆ ತೂಗಲು ಇನ್ನೊಬ್ಬರನ್ನು ಹಾಕಿದ್ದೇವೆ, ಸ್ವಲ್ಪ ಸಹಕರಿಸಿ. ಮನೆಯ ಅಟ್ಟದಲ್ಲಿ ಸುಮ್ನೆ ಬಿದ್ದಿರುವ ಮುಚ್ಚಳವಿರುವ ಡಬ್ಬಗಳಿದ್ದರೆ ತನ್ನಿ, ತೊಳೆದು ಇಟ್ಟಿರುತ್ತೇವೆ, ಡಬ್ಬ ಇಲ್ಲದೆ ಬಂದವರಿಗೆ ಆಗುತ್ತದೆ.

ಇಂತಿ,
ಮಳಿಗೆಯ ಎಲ್ಲರ ಪರವಾಗಿ